ಸುಬ್ಬಕೃಷ್ಣಯ್ಯನವರ ಡಾರ್ಕ್ ರೂಮು

ತಲೆಗೆ ಮಂಕಿ ಟೋಪಿ, ಟೋಪಿಯ ಮೇಲೆ ಮಫ್ಲರು, ಮೈಗೆ ಹೆಂಡತಿಯ ಹಳೇ ಸ್ವೆಟರು, ಅದರ ಮೇಲೊಂದು ಕಂಬಳಿ, ಕಾಲಿಗೆ ಒಂದಕ್ಕೊಂದು ಹೊಂದದ ಕಾಲುಚೀಲ. ಇಷ್ಟನ್ನೂ ಧರಿಸಿ ಸುಬ್ಬಕೃಷ್ಣಯ್ಯನವರು ಬೆಳಬೆಳಿಗ್ಗೆ ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರು. ಬರೆಯುವುದನ್ನು ಗಟ್ಟಿಯಾಗಿ ಹೇಳಿಕೊಂಡೇ ಬರೆಯುವುದು ಅವರ ಅಭ್ಯಾಸವಾದ್ದರಿಂದ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು. “ಮಾಘದ ಚಳಿಯೆಂದರೆ ನನಗೆ ಪ್ರಾಣ. ಬರಿಮೈಯಲ್ಲಿ ಅಂಗಳಕ್ಕಿಳಿದು ಇಬ್ಬನಿಯನ್ನು ಅಪ್ಪಿಕೊಳ್ಳುತ್ತೇನೆ.” ಅಷ್ಟು ಬರೆದು ಪೆನ್ನು ಎತ್ತಿ ಒಳಕ್ಕೆ ಕೂಗುತ್ತಿದ್ದರು: “ರಾಜೀ, ಆ ಬಾಗ್ಲು ಹಾಕೇ, ಗಾಳಿ ಬರ್ತಿದೆ!”

ಇದು ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನ ಶಿರಾ ಗೇಟಿನ ಹತ್ತಿರ ಅವರದೊಂದು ಹೆಂಚಿನ ಮನೆ. ಅದರ ಅರ್ಧದಲ್ಲಿ ಅವರು, ಇನ್ನರ್ಧದಲ್ಲಿ ಆಗಷ್ಟೇ ಮದುವೆಯಾಗಿ ಶಾಲೆಯಲ್ಲಿ ಮೇಡಂ ಕೆಲಸಕ್ಕೆ ಸೇರಿದ್ದ ನಾನು ಮತ್ತು ನನ್ನ ಗಂಡ. ಹಿತ್ತಲು, ಬಾವಿ, ಬಚ್ಚಲುಮನೆ ಇಬ್ಬರಿಗೂ ಸೇರಿದ್ದು. ಸುಬ್ಬಕೃಷ್ಣಯ್ಯನವರು ಹಗಲು ಕಚೇರಿಯಲ್ಲಿ ಗುಮಾಸ್ತರು, ಉಳಿದ ಹೊತ್ತಿನಲ್ಲಿ ‘ನಿಶಾಂತ’ ಎಂಬ ಹೆಸರಿನ ಸಾಹಿತಿ. ಒಂದು ವಾರಪತ್ರಿಕೆಯಲ್ಲಿ ‘ನಮ್ಮ ಮನೆಯ ಬೆಳಗು’ ಎಂಬ ಅಂಕಣ ಬರೆಯುತ್ತಿದ್ದರು. ಅದರಲ್ಲಿ ಬರುವ ಗಂಡ ನಸುಕಿಗೆ ಹೆಂಡತಿಗಿಂತ ಮೊದಲು ಎದ್ದು, ಒಲೆ ಹೊತ್ತಿಸಿ, ಕಾಫಿ ಮಾಡಿ, ಮಲಗಿದ್ದವಳ ಕೈಗೆ ಲೋಟ ಕೊಟ್ಟು, “ಕೈ ಬೆಚ್ಚಗಾಗಲಿ ಎಂದು ತುಂಬ ಬಿಸಿ ಮಾಡಿದೆ” ಎನ್ನುತ್ತಿದ್ದ. ಸುತ್ತಲಿನ ತಾಲ್ಲೂಕುಗಳ ಹೆಣ್ಣುಮಕ್ಕಳು ಆ ಅಂಕಣವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಅವರ ಗಂಡಂದಿರು ಆ ಪತ್ರಿಕೆಯನ್ನು ಮನೆಗೆ ತರುವುದನ್ನೇ ನಿಲ್ಲಿಸುತ್ತಿದ್ದರು.

ಬರವಣಿಗೆ ಸಾಲದು ಎಂಬಂತೆ ಅವರಿಗೆ ಹವ್ಯಾಸಗಳ ಹುಚ್ಚು ಬೇರೆ. ನಾವು ಬಂದಾಗ ರೇಡಿಯೋ ರಿಪೇರಿ ನಡೆಯುತ್ತಿತ್ತು. ಚೆನ್ನಾಗಿ ಹಾಡುತ್ತಿದ್ದ ನಮ್ಮ ರೇಡಿಯೋವನ್ನು ಇನ್ನೂ ಚೆನ್ನಾಗಿ ಹಾಡಿಸುತ್ತೇನೆಂದು ಒಯ್ದರು. ಅದು ಮತ್ತೆ ಬಾಯಿ ಬಿಡಲಿಲ್ಲ. ಆಮೇಲೆ ಗುಲಾಬಿ ಕಸಿ. ಆಮೇಲೆ ಜೇನುಪೆಟ್ಟಿಗೆ. ಜೇನು ಬರಲಿಲ್ಲ, ಪೆಟ್ಟಿಗೆಯಲ್ಲಿ ಬೆಕ್ಕು ಮರಿ ಹಾಕಿತು. “ಪ್ರಕೃತಿ ತನಗೆ ಬೇಕಾದ್ದನ್ನೇ ಸಾಕ್ಕೊಳ್ಳುತ್ತೆ ಕಣಮ್ಮ, ನಾವು ಜಾಗ ಕೊಡಬೇಕಷ್ಟೆ” ಎಂದು ನನಗೆ ವಿವರಿಸಿದರು. ಅವರ ಹೆಂಡತಿ ರಾಜಮ್ಮ ಹೊಸ ಹವ್ಯಾಸ ಶುರುವಾದಾಗಲೆಲ್ಲ ಅಡುಗೆಮನೆಯ ಸಾಮಾನುಗಳನ್ನು ಒಂದು ಶೆಲ್ಫು ಮೇಲಕ್ಕೇರಿಸುತ್ತಿದ್ದರು. ಪ್ರವಾಹದ ಊರಿನವರು ಹಾಗೆ ಮಾಡುವುದನ್ನು ಕೇಳಿದ್ದೇನೆ.

ಆ ವರ್ಷದ ಚಳಿಗಾಲಕ್ಕೆ ಬಂದದ್ದು ಫೋಟೋಗ್ರಫಿ. ಯಾರೋ ಕೊಟ್ಟ ಹಳೇ ಕ್ಯಾಮೆರಾ, ಮೂರು ಪಿಂಗಾಣಿ ತಟ್ಟೆ, ಒಂದು ಕೆಂಪು ಬಲ್ಬು. ಫಿಲ್ಮು ತೊಳೆಯಲು ಕತ್ತಲೆ ಬೇಕು, ನೀರು ಬೇಕು. ಇವೆರಡೂ ಇದ್ದದ್ದು ಬಚ್ಚಲುಮನೆಯಲ್ಲಿ ಮಾತ್ರ. ಕಿಟಕಿಗೆ ಕಂಬಳಿ ಬಡಿದರು. ಹಂಡೆಯ ಪಕ್ಕದ ಕಟ್ಟೆಯ ಮೇಲೆ ಔಷಧಿ ಸೀಸೆಗಳು ಬಂದವು. ಬಾಗಿಲ ಮೇಲೆ ಒಂದು ರಟ್ಟು: ‘ಕಲಾಕಾರ್ಯ ನಡೆದಿದೆ. ಬೆಳಕು ಬಿಡಬೇಡಿ.’

ತುಮಕೂರಿನ ಚಳಿ ಅಂಥ ಭಾರೀ ಚಳಿಯೇನಲ್ಲ. ಆದರೆ ಬೆಳಿಗ್ಗೆ ಬಿಸಿನೀರು ಸಿಗದವರಿಗೆ ಅದು ಹಿಮಾಲಯವೇ. ನಾನು ಟವಲು ಹಿಡಿದು ಬಾಗಿಲ ಮುಂದೆ ನಿಂತು, “ಸಾರ್, ಸ್ಕೂಲಿಗೆ ಹೊತ್ತಾಯ್ತು” ಎಂದರೆ ಒಳಗಿನಿಂದ ಬರುತ್ತಿದ್ದ ಉತ್ತರ: “ಅವಸರದಲ್ಲಿ ಯಾವ ಕಲೇನೂ ಹುಟ್ಟಲ್ಲ ಕಣಮ್ಮ!” ಒಂದು ದಿನ ನನ್ನ ಗಂಡ ಬಾವಿಯ ತಣ್ಣೀರನ್ನೇ ಸುರಿದುಕೊಂಡು ಶಿವಶಿವಾ ಎಂದು ಕಿರುಚಿದ್ದಕ್ಕೆ, ಮುಂದಿನ ವಾರದ ಅಂಕಣದಲ್ಲಿ ‘ನಮ್ಮ ನೆರೆಯ ಯುವಕನ ಪ್ರಾತಃಕಾಲದ ಶಿವಭಕ್ತಿ’ ಎಂದು ಬಂತು.

ಶಿವರಾತ್ರಿ ಹತ್ತಿರವಾಗಿತ್ತು. ಅವರೆಕಾಯಿಯ ಕಾಲ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ರಾಜಮ್ಮ, ನಾನು ಹಿತ್ತಲ ಬಿಸಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಸುಬ್ಬಕೃಷ್ಣಯ್ಯನವರು ಬಚ್ಚಲಲ್ಲಿದ್ದರು. ಅಂದಿನ ಕೆಲಸ ಸಾಮಾನ್ಯದ್ದಲ್ಲ. ಹಿಂದಿನ ವಾರ ಗುಬ್ಬಿಯಲ್ಲಿ ಅವರಿಗೊಂದು ಸನ್ಮಾನ ಆಗಿತ್ತು. ಅವರ ಜೀವನದ ಮೊದಲ ಶಾಲು, ಮೊದಲ ಹಾರ. ಅದನ್ನು ಅವರ ಕ್ಯಾಮೆರಾದಲ್ಲೇ ಯಾರ ಕೈಯಲ್ಲೋ ತೆಗೆಸಿದ್ದರು. ಆ ರೀಲನ್ನು ಬೇರೆಯವರು ಮುಟ್ಟಕೂಡದೆಂದು ತಾವೇ ತೊಳೆಯಲು ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದರು.

ಆಗ ಪಕ್ಕದ ಓಣಿಯಿಂದ ಹಿತ್ತಲಿಗೇ ಇಬ್ಬರು ಬಂದರು. ಬಿಳಿ ಪಂಚೆಯ, ದಪ್ಪ ಮೀಸೆಯ ಗಂಡಸು. ಅವರ ಹಿಂದೆ ಎರಡು ಜಡೆಯ, ಮುಖ ಬಿಗಿದುಕೊಂಡ ಹುಡುಗಿ.

“ಗುಬ್ಬಿಯಿಂದ ಬಂದಿದೀವಿ ತಾಯೀ. ನಾನು ಮರಿಯಣ್ಣ ಅಂತ, ಕೊಬ್ಬರಿ ಯಾಪಾರ. ನಿಶಾಂತ ಅನ್ನೋರ ಮನೆ ಇದೇಯಾ?”

“ನಿಶಾಂತ ಅನ್ನೋರು ಬಚ್ಚಲಲ್ಲಿದಾರೆ. ಕೂತ್ಕೊಳಿ” ಎಂದರು ರಾಜಮ್ಮ.

ಮರಿಯಣ್ಣ ಬಾವಿಕಟ್ಟೆಯ ಮೇಲೆ ಕೂತು ಬಂದ ಕಾರಣ ಹೇಳಿದರು. ಹುಡುಗಿ ಅವರ ಮಗಳು ವಿಜಯ. “ಬಿ.ಎ. ಮುಗ್ಸವ್ಳೆ. ತಿಪಟೂರ್ ಕಡೆಯಿಂದ ಒಳ್ಳೆ ಸಂಬಂಧ ಬಂದದೆ. ಹುಡುಗ ಬ್ಯಾಂಕಲ್ಲವ್ನೆ. ಇವ್ಳು ಏನಂದ್ಲು ಗೊತ್ತಾ? ‘ಬೆಳಿಗ್ಗೆ ಎದ್ದು ಕಾಫಿ ಮಾಡ್ಕೊಡ್ತಾನಾ ಕೇಳು’ ಅಂದ್ಲು! ನಾನು ಕೇಳ್ದೆ ಕಣಮ್ಮ, ಮಾನ ಬುಟ್ಟು ಕೇಳ್ದೆ. ಅವ್ರಪ್ಪ ಉಪ್ಪಿಟ್ಟಿನ ತಟ್ಟೆ ಅಲ್ಲೇ ಬುಟ್ಟು ಎದ್ದೋದ.”

“ಅವ್ರು ಮತ್ತೆ ಬರ್ತೀವಿ ಅಂದಿದಾರಲ್ಲಪ್ಪ” ಎಂದಳು ವಿಜಯ.

“ಬರೋದು ನಿನ್ ಬುದ್ಧಿ ನೆಟ್ಟಗಾದ್ರೆ! ತಾಯೀ, ಇದಕ್ಕೆಲ್ಲ ಕಾರಣ ನಿಮ್ಮೆಜಮಾನ್ರು. ಅವ್ರು ಬರ್ಯೋದೆಲ್ಲ ಕತೆ ಅಂತ ಅವ್ರ ಬಾಯಲ್ಲೇ ಒಂದ್ಮಾತು ಹೇಳ್ಬುಡ್ಲಿ. ನಾನು ಹನ್ನೊಂದರ ಬಸ್ಸಿಗೆ ಹೊಂಟೋಯ್ತೀನಿ.”

ಬಚ್ಚಲಿನಿಂದ ಧ್ವನಿ ಬಂತು. “ಯಾರದು? ಬಾಗಿಲು ತೆಗೀಬೇಡಿ! ಫಿಲ್ಮು ಔಷಧೀಲಿದೆ!”

ಮರಿಯಣ್ಣ ಎದ್ದು ಹೋಗಿ ಬಾಗಿಲ ಮುಂದೆ ಕೈಕಟ್ಟಿ ನಿಂತರು. ದೇವರ ಗುಡಿಯ ಮುಂದೆ ನಿಂತವರ ಹಾಗೆಯೇ ಕಾಣುತ್ತಿತ್ತು. “ಸ್ವಾಮೀ, ನೀವು ದಿನಾ ಎದ್ದು ಹೆಂಡ್ರಿಗೆ ಕಾಫಿ ಮಾಡೋದು ದಿಟವಾ?”

ಒಳಗೆ ನೀರಿನ ಸದ್ದು. ಆಮೇಲೆ ಗಂಟಲು ಸರಿಪಡಿಸಿಕೊಂಡ ಸದ್ದು. “ನೋಡಿ, ಸಾಹಿತ್ಯದ ಸತ್ಯ ಬೇರೆ, ಲೋಕದ ಸತ್ಯ ಬೇರೆ.”

“ಅಂದ್ರೆ ಮಾಡಲ್ವಾ?”

“ಮಾಡಬೇಕು ಅನ್ನೋ ಆಸೆ ಇದೆಯಲ್ಲ, ಆ ಆಸೆ ಸತ್ಯ!”

ವಿಜಯ ಇಷ್ಟು ಹೊತ್ತು ಬಾಗಿಲನ್ನೇ ನೋಡುತ್ತಿದ್ದವಳು ನಮ್ಮ ಹತ್ತಿರ ಬಂದು ಕೂತಳು. “ಅಮ್ಮಾ, ನೀವೇ ಹೇಳಿ” ಎಂದು ರಾಜಮ್ಮನನ್ನು ಕೇಳಿದಳು.

ರಾಜಮ್ಮ ಒಂದು ಮಾತಿನಲ್ಲಿ ಗಂಡನ ಮಾನ ಉಳಿಸಬಹುದಿತ್ತು. ಉಳಿಸುತ್ತಾರೆಂದೇ ನಾನು ಅಂದುಕೊಂಡಿದ್ದೆ. ಅವರು ಕಾಳು ಹಿತುಕುವುದನ್ನು ನಿಲ್ಲಿಸದೆ ಹೇಳಿದರು: “ಮದ್ವೆಯಾದಾಗಿಂದ ಒಲೆ ಹಚ್ಚಿರೋದು ನಾನೇ ಕಣಮ್ಮ. ಕಾಫಿಪುಡಿ ಡಬ್ಬ ಯಾವ್ದು ಅಂತ ಅವ್ರನ್ನ ಕೇಳು, ಸಾರಿನಪುಡಿ ತೋರಿಸ್ತಾರೆ.”

“ಮತ್ತೆ ಅದನ್ನೆಲ್ಲ ಓದಿದಾಗ ನಿಮ್ಗೆ ಬೇಜಾರಾಗಲ್ವಾ?”

“ಆಗ್ದೆ ಏನು? ಹೋದ್ ವರ್ಷ ನಂಗೆ ಜ್ವರ ಬಂದು ಮಲಗ್ಬಿಟ್ಟಿದ್ದೆ. ಇವ್ರು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು, ‘ಚಮಚೆ ಚಮಚೆಯಾಗಿ ಗಂಜಿ ಕುಡಿಸಿದೆ’ ಅಂತ ಬರೀತಾ ಕೂತಿದ್ರು. ಗಂಜಿ ತಂದ್ಕೊಟ್ಟಿದ್ದು ಇವ್ಳು” ಎಂದು ನನ್ನ ಕಡೆ ತೋರಿಸಿದರು. ಇನ್ನೊಂದು ಹಿಡಿ ಕಾಳು ತೆಗೆದುಕೊಂಡು ಮತ್ತೆ ಹೇಳಿದರು: “ಕೆಟ್ಟೋರಲ್ಲ. ಬರ್ದಿದ್ದನ್ನ ಮೊದ್ಲು ನಂಗೇ ಓದಿ ಹೇಳ್ತಾರೆ. ಓದ್ತಾ ಓದ್ತಾ ಅವ್ರ ಕಣ್ಣಲ್ಲೇ ನೀರು ಬರುತ್ತೆ. ನಿಜವಾಗ್ಲೂ ಕುಡ್ಸಿದೀನಿ ಅಂದ್ಕೊಂಡ್ಬಿಟ್ಟಿರ್ತಾರೆ. ಅಂಥೋರ್ ಹತ್ರ ಹೆಂಗಮ್ಮ ಜಗಳ ಆಡೋದು?”

ಕೊನೆಯ ಮಾತು ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ದಿನ ಪಕ್ಕದಲ್ಲಿದ್ದು ರಾಜಮ್ಮ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮರಿಯಣ್ಣ ಮುಜುಗರದಿಂದ ಬಾವಿಯೊಳಕ್ಕೆ ಇಣುಕಿ ನೋಡತೊಡಗಿದರು.

ಆಗ ಚಿಲಕ ತೆಗೆದ ಸದ್ದಾಯಿತು. ಬಚ್ಚಲುಮನೆಯ ಬಾಗಿಲು ಪೂರ್ತಿ ತೆರೆದುಕೊಂಡಿತು. ಬಿಸಿಲು ನೇರವಾಗಿ ಒಳಗೆ ನುಗ್ಗಿ ತಟ್ಟೆಗಳ ಮೇಲೆ, ಔಷಧಿಯಲ್ಲಿ ತೇಲುತ್ತಿದ್ದ ರೀಲಿನ ಮೇಲೆ ಬಿತ್ತು. ಶಾಲು, ಹಾರ, ಗುಬ್ಬಿಯ ಸಭೆ ಎಲ್ಲವೂ ಒಂದು ಕ್ಷಣದಲ್ಲಿ ಕಪ್ಪಾಗಿ ಹೋಯಿತು. ಸುಬ್ಬಕೃಷ್ಣಯ್ಯನವರು ತಿರುಗಿ ಕೂಡ ನೋಡಲಿಲ್ಲ. ಮಂಕಿ ಟೋಪಿಯಲ್ಲಿ, ಒದ್ದೆ ಕೈಯಲ್ಲಿ ಹೊರಬಂದು ಹೆಂಡತಿಯ ಎದುರಿಗೆ ನಿಂತರು.

“ರಾಜೀ, ಗಂಜಿ ನಾನು ಕುಡಿಸ್ಲಿಲ್ವಾ?”

ಆ ಪ್ರಶ್ನೆಯಲ್ಲಿ ನಾಟಕ ಇರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

“ಇಲ್ಲ ಕಣ್ರೀ” ಎಂದರು ರಾಜಮ್ಮ.

ಸುಬ್ಬಕೃಷ್ಣಯ್ಯನವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತರು. ವಿಜಯ ಎದ್ದು ಸೀರೆಗಂಟಿದ್ದ ಅವರೆಸಿಪ್ಪೆ ಕೊಡವಿಕೊಂಡಳು. “ಅಪ್ಪಾ, ಕತೆ ಬರ್ಯೋ ಗಂಡ ನಂಗೆ ಬೇಡ.”

ಮರಿಯಣ್ಣನ ಮೀಸೆ ಅರಳಿತು. “ಅಂಗೆ ಬಾ ದಾರೀಗೆ! ತಿಪಟೂರಿನೋರ್ಗೆ ಹೇಳ್ಕಳುಸ್ಲಾ?”

“ಅವ್ರೂ ಬೇಡ. ಬಿ.ಎಡ್. ಮಾಡ್ತೀನಿ. ನನ್ ಕಾಫಿ ನಾನೇ ಮಾಡ್ಕೊತೀನಿ.”

ಮರಿಯಣ್ಣ ಸುಬ್ಬಕೃಷ್ಣಯ್ಯನವರ ಕಡೆ ತಿರುಗಿ ಕೈಮುಗಿದರು. “ಒಂದ್ ಕಾಯ್ಲೆಗೆ ಮದ್ದು ಕೇಳಾಕ್ ಬಂದ್ರೆ ಇನ್ನೊಂದ್ ಅಂಟ್ಸಿ ಕಳುಸ್ತಾ ಇದೀರಲ್ಲ ಸ್ವಾಮೀ!” ಆದರೂ ರಾಜಮ್ಮ ಬಿಡದೆ ಇಬ್ಬರನ್ನೂ ಊಟಕ್ಕೆ ಕೂರಿಸಿದರು. ಮರಿಯಣ್ಣ ಹಿತಕಿದಬೇಳೆ ಸಾರನ್ನು ಮೂರು ಸಲ ಹಾಕಿಸಿಕೊಂಡು, ಮಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದನ್ನು ಬಸ್ಸಿಗೆ ಮುಂದೂಡಿದರು. ವಿಜಯ ಬಿ.ಎಡ್. ಮಾಡಿದಳೆಂದು ಆಮೇಲೆ ಕೇಳಿದೆ.

ಆ ವಾರ ಸುಬ್ಬಕೃಷ್ಣಯ್ಯನವರು, “ಇನ್ನು ಮುಂದೆ ಸತ್ಯವನ್ನೇ ಬರೀತೀನಿ” ಎಂದು ಘೋಷಿಸಿ, ತಮ್ಮ ಮನೆಯ ಬೆಳಗನ್ನು ಇದ್ದ ಹಾಗೇ ಬರೆದು ಕಳಿಸಿದರು. ಮಂಕಿ ಟೋಪಿ, ಬಚ್ಚಲು, ಗಂಜಿ, ಎಲ್ಲ. ಸಂಪಾದಕರು ಅದನ್ನು ವಾಪಸು ಕಳಿಸಿ, ಈ ಸಲದ ಬರಹ ತೀರಾ ಕೃತಕವಾಗಿದೆ, ಇಂಥ ಗಂಡಸು ಲೋಕದಲ್ಲಿ ಇರಲಾರ, ನಿಮ್ಮ ಎಂದಿನ ಸಹಜತೆ ಇರಲಿ ಎಂದು ತಿಳಿಸಿದರು. ಸುಬ್ಬಕೃಷ್ಣಯ್ಯನವರು ಒಂದಿಡೀ ದಿನ ಮಂಕಾಗಿದ್ದರು. ಸತ್ಯವನ್ನು ಯಾರೂ ಅಚ್ಚು ಹಾಕುವುದಿಲ್ಲವೆಂದ ಮೇಲೆ ಉಳಿದದ್ದು ಒಂದೇ ದಾರಿ. ಅಚ್ಚಾದದ್ದನ್ನು ಸತ್ಯ ಮಾಡುವುದು. ಮರುದಿನ ನಸುಕಿಗೇ ಎದ್ದರು.

ಮೊದಲ ದಿನ ಒಲೆ ಹೊತ್ತಲಿಲ್ಲ. ಎರಡನೆಯ ದಿನ ಹಾಲು ಉಕ್ಕಿ ಒಲೆ ಆರಿತು. ಮೂರನೆಯ ದಿನ ಕಾಫಿ ಎಂಬ ಹೆಸರಿನ ಒಂದು ದ್ರವ ಸಿದ್ಧವಾಗಿ ರಾಜಮ್ಮನ ಹಾಸಿಗೆಯವರೆಗೂ ಹೋಯಿತು. ಅವರು ಕುಡಿದರು. ಬಾವಿಕಟ್ಟೆಯ ಹತ್ತಿರ ನಾನು ಹೇಗಿತ್ತೆಂದು ಕೇಳಿದೆ. “ಚೆನ್ನಾಗಿರ್ಲಿಲ್ಲ ಕಣೇ. ಬಿಸಿಯಾಗಿತ್ತು” ಎಂದರು. ಹಾಗೆಂದು ಅವರಿಗೆ ಸುಖ ಸಿಕ್ಕಿತೆಂದಲ್ಲ. ಸ್ವಲ್ಪ ದಿನಕ್ಕೆ ಕಾಫಿಯೇ ಹೊಸ ಹವ್ಯಾಸವಾಯಿತು. ಹಸಿ ಬೀಜ ತಂದು ಹುರಿಯುವ ಪ್ರಯೋಗ ಶುರುವಾಯಿತು. ಬೀದಿಯವರು ಹೊಗೆ ಕಂಡು ಬಿಂದಿಗೆ ಹಿಡಿದು ಓಡಿಬಂದ ದಿನವೂ ಉಂಟು. ರಾಜಮ್ಮ ಸಾಮಾನುಗಳನ್ನು ಇನ್ನೊಂದು ಶೆಲ್ಫು ಮೇಲೇರಿಸಿದರು. ನಮಗೆ ಮಾತ್ರ ಬಚ್ಚಲುಮನೆ ವಾಪಸು ಸಿಕ್ಕಿತು.

ಎಂಬತ್ತರ ದಶಕದಲ್ಲಿ ನನಗೆ ಕುಣಿಗಲ್ ಕಡೆ ವರ್ಗವಾಗಿ, ಹುತ್ರಿದುರ್ಗ ಬೆಟ್ಟದ ಬುಡದ ಶಾಲೆಗೆ ಬಂದೆ. ಒಂದು ಮಾಘದಲ್ಲಿ ಗಂಡಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದಿಳಿದರು. ಸುಬ್ಬಕೃಷ್ಣಯ್ಯನವರು ರಿಟೈರಾಗಿದ್ದರು, ಸೊರಗಿದ್ದರು. ಈಗ ಕೋಟೆಗಳ ಅಧ್ಯಯನವಂತೆ. ಬೆಟ್ಟ ಹತ್ತಿ ಲೇಖನ ಬರೆಯಬೇಕಂತೆ. ಕೋಟೆಯ ಮೊದಲ ಬಾಗಿಲಿನವರೆಗೂ ಇತಿಹಾಸ ಹೇಳುತ್ತ ಹತ್ತಿದವರು ಅಲ್ಲಿ ಏದುಸಿರು ಬಿಡುತ್ತ ಕೂತುಬಿಟ್ಟರು. “ನೀವಿಬ್ರೂ ಹೋಗ್ಬನ್ನಿ. ನಾನು ಇಲ್ಲಿಂದ್ಲೇ ಅಧ್ಯಯನ ಮಾಡ್ತೀನಿ.” ರಾಜಮ್ಮ ಸೆರಗು ಸಿಕ್ಕಿಸಿಕೊಂಡು ಸರಸರ ತುದಿಯವರೆಗೂ ಹತ್ತಿದರು. ಮೇಲೆ ಬರೀ ಬಿಸಿಲು, ಬಂಡೆ, ಒಣಹುಲ್ಲು.

ನಾವು ಇಳಿದು ಬರುವಷ್ಟರಲ್ಲಿ ಲೇಖನ ಮುಗಿದಿತ್ತು. ಓದಿ ಹೇಳಿದರು. ಬೆಟ್ಟದ ತುದಿಯಲ್ಲಿ ಒಂದು ಸೀಳುಬಂಡೆ ಇದೆ, ಗಾಳಿ ಬೀಸಿದಾಗ ಅದು ಕೊಳಲಿನಂತೆ ನುಡಿಯುತ್ತದೆ ಎಂದಿತ್ತು ಅದರಲ್ಲಿ.

“ನಾವು ಮೇಲಿಂದ್ಲೇ ಬಂದ್ವಲ್ರೀ, ಅಂಥದ್ದೇನೂ ಇರ್ಲಿಲ್ಲ” ಎಂದರು ರಾಜಮ್ಮ.

“ನೀವಿಬ್ರೂ ಮಾತಾಡ್ಕೊಂಡು ಹೋಗಿರ್ತೀರ. ಎಲ್ಲಿ ಕೇಳುತ್ತೆ?”

ಸಂಜೆಯ ಬಸ್ಸಿಗೆ ಹೊರಟರು. ಕಿಟಕಿಯಿಂದ ಮಫ್ಲರು ಬೀಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಮಳೆಗಾಲ ಬರುವ ಮೊದಲೇ ತೀರಿಕೊಂಡರು. ಆ ಲೇಖನ ಅಚ್ಚಾದದ್ದು ಅವರು ಹೋದ ಮೇಲೆ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ತುಮಕೂರಿನಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಪತ್ರಿಕೆಯ ತುಂಡು ಹಿಡಿದು ಶಾಲೆಯ ಹತ್ತಿರ ಬಂತು. “ಮೇಡಂ, ಕೊಳಲು ನುಡಿಸೋ ಬಂಡೆ ಯಾವ್ ಕಡೆ?” ಎಂದು ಹುಡುಗ ಕೇಳಿದ. ಅಂಥ ಬಂಡೆ ಇಲ್ಲಪ್ಪ ಎನ್ನಲು ಬಾಯಿ ತೆರೆದೆ. “ಪೂರ್ತಿ ಮೇಲಕ್ಕೆ ಹೋಗಿ. ಮಾತಾಡ್ದೆ ಕೂತ್ಕೋಬೇಕು” ಎಂದೆ.

ಮಧ್ಯಾಹ್ನ ಇಬ್ಬರೂ ಬಿಸಿಲಿಗೆ ಕೆಂಪಾಗಿ ಇಳಿದು ಬಂದರು. ನನಗೆ ಅಳುಕು. ಬೈಯುತ್ತಾರೇನೋ ಎಂದುಕೊಂಡು ಮೆಲ್ಲಗೆ ಕೇಳಿದೆ.

“ಕೇಳಿಸ್ತಾ?”

ಹುಡುಗಿ ಗಂಡನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ.

“ಕೇಳಿಸ್ತು ಮೇಡಂ” ಎಂದಳು. “ಚೆನ್ನಾಗಿ ಕೇಳಿಸ್ತು.”