ಹಲಸೂರು ಕೆರೆಯಲ್ಲಿ ಒಬ್ಬರು ದಾರಿ ಬಿಟ್ಟರು

ನೀವೇ ಹೇಳಿ, ಇದರಲ್ಲಿ ನನ್ನ ತಪ್ಪೇನಿದೆ?

ಇವತ್ತು ಬೆಳಿಗ್ಗೆ ಹಲಸೂರು ಕೆರೆಯಲ್ಲಿ ಹಾಯಿದೋಣಿ ರೇಸು. ನಾನೂ ಫ್ರೇಜರ್ ಟೌನಿನ ಇಮ್ರಾನ್ ಅವರೂ ಇನ್ನೇನು ಡಿಕ್ಕಿ ಹೊಡೆಯುವ ಹಾಗೆ ಅಡ್ಡಡ್ಡ ಬಂದೆವು. ನನ್ನ ದೋಣಿಗೆ ಗಾಳಿ ಬಲಗಡೆಯಿಂದ, ಅವರದಕ್ಕೆ ಎಡಗಡೆಯಿಂದ. ಇಂಥಲ್ಲಿ ಬಲಗಡೆಯಿಂದ ಗಾಳಿ ಬೀಳುವ ದೋಣಿಗೇ ದಾರಿ, ಇನ್ನೊಂದು ಬಿಟ್ಟುಕೊಡಬೇಕು ಎಂಬುದು ನಿಯಮ. ಅವರು ಬಿಟ್ಟೇಬಿಟ್ಟರು! ಕೂಗಾಟವಿಲ್ಲ, ಬೈಗುಳವಿಲ್ಲ. ನನ್ನ ಹಿಂದಿನಿಂದ ಹಾದುಹೋಗಲು ದೋಣಿ ತಿರುಗಿಸಿ, ನಗುತ್ತಾ ಕೈ ಬೇರೆ ಬೀಸಿದರು.

ನಾನು ದಿನಾ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸುವವಳು. ಸುಮ್ಮಸುಮ್ಮನೆ ಯಾರಾದರೂ ದಾರಿ ಬಿಡುತ್ತಾರೆಯೇ? ಹಿಂದಿನಿಂದ ಏನೋ ಕಿತಾಪತಿ ಇದೆ ಅನ್ನಿಸಿ ನಾನೂ ಅದೇ ಕಡೆಗೆ ಚುಕ್ಕಾಣಿ ತಿರುಗಿಸಿದೆ. ಧಡ್! ಅವರ ದೋಣಿಯ ಮೂತಿ ನನ್ನ ದೋಣಿಯ ಪಕ್ಕೆಗೆ ಬಡಿಯಿತು.

ದಾರಿ ಯಾರದೋ ಅವರು ದಿಢೀರನೆ ತಿರುಗಿಸುವಂತಿಲ್ಲ ಎಂಬುದೂ ನಿಯಮವೇ. ಹಾಗಾಗಿ ತಪ್ಪು ನನ್ನ ತಲೆಗೆ ಬಂತು. ದಂಡವಾಗಿ ಅಲ್ಲೇ ಎರಡು ಸುತ್ತು ತಿರುಗಿ, ಎಲ್ಲರಿಗಿಂತ ಕೊನೆಯಲ್ಲಿ ದಡ ಸೇರಿದೆ.

ಇಮ್ರಾನ್ ಕಾಯುತ್ತಾ ನಿಂತಿದ್ದರು. “ದಾರಿ ನಿಮ್ದೇ ಇತ್ತಲ್ಲ ಮೇಡಂ, ಯಾಕೆ ತಿರುಗಿಸಿದ್ರಿ?”

“ನೀವ್ಯಾಕ್ರೀ ಬಿಟ್ರಿ?”

“ರೂಲ್ ಇದ್ಯಲ್ಲ.”

“ಅಷ್ಟೇನಾ?”

“ಅಷ್ಟೇ ಮೇಡಂ. ಬನ್ನಿ, ಚಾಯ್ ಕುಡಿಯೋಣ.”

ಸೋತವಳಿಗೆ ಚಹಾ ಬೇರೆ ಕೊಡಿಸಿದರು. ಅವರು ಒಂದು ಗುಟುಕು ಕುಡಿಯುವವರೆಗೂ ನಾನು ನನ್ನ ಲೋಟ ಮುಟ್ಟಲಿಲ್ಲ.