ಉತ್ತರದ ಆಯಿ

ಸೂರ್ಯ ಬರಲೋ ಬೇಡವೋ ಎಂದು ಇನ್ನೂ ಹಿಂದೆಮುಂದೆ ನೋಡುತ್ತಿರುವ ಹೊತ್ತು. ನಾಲ್ಕನೇ ತರಗತಿಯ ಬಾಗಿಲು ತೆರೆದು ಆಯಿ ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಕಿಟಕಿಯ ಬೆಳಕು ನೆಲದ ಮೇಲೆ ಓರೆಯಾಗಿ ಬೀಳುವವರೆಗೂ ಪೊರಕೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಆ ಬೆಳಕಿನಲ್ಲಿ ನೆಲದ ಸಣ್ಣ ಚೂರಿಗೂ ಉದ್ದನೆಯ ನೆರಳು ಮೂಡುತ್ತದೆ. ಆಮೇಲೆ ಸೊಂಟಕ್ಕೆ ಕೈಕೊಟ್ಟು ಬಗ್ಗಿ, ಒಂದೊಂದೇ ಬೆಂಚಿನ ಕೆಳಗೆ ಇಣುಕುತ್ತಾ ಹೋಗುತ್ತಾರೆ.

ಅವರು ಹುಡುಕುವುದು ರಬ್ಬರ್ ಪುಡಿಯನ್ನು. ಮಕ್ಕಳು ತಪ್ಪು ಬರೆದು, ಉಜ್ಜಿ, ಉಫ್ ಎಂದು ಊದಿದಾಗ ಕೆಳಗೆ ಉದುರುತ್ತದಲ್ಲ, ಅದೇ. "ಒಂದು ಚಿಟಿಕೆ ಇದ್ರೆ ಪರವಾಗಿಲ್ಲ, ಮಗು ಲೆಕ್ಕದ ಜೊತೆ ಗುದ್ದಾಡಿ ಗೆದ್ದಿದೆ. ರಾಶಿ ಬಿದ್ದಿದ್ರೆ ಮೇಡಂಗೆ ಹೇಳ್ತೀನಿ, ಕಿಟಕಿ ಪಕ್ಕದ ಮೂರನೇ ಬೆಂಚಿಗೆ ಭಾಗಾಕಾರ ತಲೆಗೆ ಹತ್ತಿಲ್ಲ ನೋಡಿ ಅಂತ."

ಪುಡಿಯೇ ಇಲ್ಲದಿದ್ದರೆ? ಆಯಿ ಸ್ವಲ್ಪ ಯೋಚಿಸುತ್ತಾರೆ. "ಒಂದೋ ಮಗು ಬಲು ಜಾಣ, ಇಲ್ಲಾ ಕೈಚೆಲ್ಲಿ ಕೂತಿದೆ. ಯಾವುದು ಅಂತ ಸಂಜೆ ಗೇಟಲ್ಲಿ ಮುಖ ನೋಡಿದ್ರೆ ಗೊತ್ತಾಗುತ್ತೆ."

ಇಪ್ಪತ್ತೆರಡು ವರ್ಷದಿಂದ ಇದೇ ಶಾಲೆ. ಆಟದ ಬಯಲಿನ ಆಚೆ ಈಚೆ ಎರಡು ಕಟ್ಟಡ. ದಕ್ಷಿಣದ್ದರಲ್ಲಿ ದೊಡ್ಡ ಮಕ್ಕಳು, ಉತ್ತರದ್ದರಲ್ಲಿ ಒಂದರಿಂದ ಆರನೇ ತರಗತಿಯ ಚಿಕ್ಕವರು. ಗುಡಿಸಿ ಒರೆಸಲು ಕಟ್ಟಡಕ್ಕೊಬ್ಬ ಆಯಿ. ಹಾಗಾಗಿ ಇವರು ಎಲ್ಲರ ಬಾಯಲ್ಲೂ ಉತ್ತರದ ಆಯಿ. ಆರು ಕೋಣೆ, ಎಪ್ಪತ್ತೆರಡು ಬೆಂಚು, ನೂರ ನಲವತ್ತೊಂದು ಮಕ್ಕಳು. ಯಾವ ಬೆಂಚಿನಲ್ಲಿ ಯಾರು ಕೂರುತ್ತಾರೆ ಎಂದು ಹಾಜರಿ ಪುಸ್ತಕ ತೆರೆಯದೆ ಹೇಳುತ್ತಾರೆ. ಬಸ್ ಓಡಿಸಿ ನಿವೃತ್ತರಾಗಿರುವ ಅವರ ಯಜಮಾನರಿಗೆ ಇದೊಂದು ತಮಾಷೆ. "ಊರೆಲ್ಲ ಪೇಪರ್ ಓದುತ್ತೆ, ನಮ್ಮನೆಯವಳು ಕಸ ಓದ್ತಾಳೆ," ಎನ್ನುತ್ತಾರೆ. ಹಾಗೆನ್ನುತ್ತಲೇ ಹೆಂಡತಿಗೆ ಬೆಳಗಿನ ಐದಕ್ಕೆ ಚಹಾ ಕಾಸಿಕೊಡುವವರೂ ಅವರೇ.

ಕೆಲವು ಮುಂಜಾವು ಆಯಿ ಗುಡಿಸುವುದನ್ನೇ ಮರೆತು ನಿಂತುಬಿಡುತ್ತಾರಂತೆ. ಬೆಳಕಿನಲ್ಲಿ ಸೀಮೆಸುಣ್ಣದ ಧೂಳು ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಮಕ್ಕಳು ಮನೆಗೆ ಹೋಗಿದ್ದರೂ ಅವರು ಅಳಿಸಿದ ಏಳುಗಳು, ಒಂಬತ್ತುಗಳು ಇನ್ನೂ ಕೋಣೆಯಲ್ಲೇ ತೇಲಾಡುತ್ತಿವೆ ಅನ್ನಿಸುತ್ತದಂತೆ. "ಗುಡಿಸಿ ಹೊರಗೆ ಹಾಕೋಕೆ ಒಂದು ಥರ ಪಾಪ ಅನ್ಸುತ್ತೆ. ಆದ್ರೂ ಹಾಕ್ತೀನಿ, ಸಂಬಳ ಕೊಡೋದೇ ಅದಕ್ಕಲ್ವಾ," ಎಂದು ನಗುತ್ತಾರೆ.

ಈ ನಗುವಿಗೆ ಈಗ ಗಡುವು ಬಿದ್ದಿದೆ. ಹೊಸ ನೀತಿಯ ಪ್ರಕಾರ ಪ್ರತಿ ಶಾಲೆಯೂ ಪರೀಕ್ಷೆಯ ಅಂಕ ತೋರಿಸಿ ತನ್ನನ್ನು ಸಮರ್ಥಿಸಿಕೊಳ್ಳಬೇಕು. ಉತ್ತರ ಕಟ್ಟಡದ ಸರಾಸರಿ ಕಳೆದ ವರ್ಷ ನಲವತ್ತೊಂಬತ್ತು. ಈ ಬಾರಿಯೂ ಅರವತ್ತು ಮುಟ್ಟದಿದ್ದರೆ ಕಟ್ಟಡಕ್ಕೆ ಬೀಗ, ಮಕ್ಕಳು ರೈಲುಹಳಿಯಾಚೆಯ ದೊಡ್ಡ ಶಾಲೆಗೆ. ಅಲ್ಲಿ ನೆಲ ಒರೆಸಲು ಯಂತ್ರವಿದೆ. ಆಯಿಗೆ ಪಠ್ಯಪುಸ್ತಕದ ಗೋದಾಮಿನಲ್ಲಿ ಕೆಲಸ ಕೊಡುತ್ತಾರೆ. ಪರೀಕ್ಷೆ ಮುಗಿದಿದೆ, ಫಲಿತಾಂಶಕ್ಕೆ ಇನ್ನು ಹನ್ನೊಂದು ದಿನ.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಒಂದು ಸುದ್ದಿ ಹಬ್ಬಿತು: ಉಜ್ಜಿದ ಗುರುತು ಕಂಡರೆ ಅಂಕ ಕಳೆಯುತ್ತಾರಂತೆ. ಯಾರು ಹೇಳಿದರೋ, ದೇವರಿಗೇ ಗೊತ್ತು. ಹೆಡ್‌ಮಾಸ್ಟರು ಗಾಬರಿಬಿದ್ದು ಮಕ್ಕಳ ರಬ್ಬರನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿಸಿ ಬೀರುವಿನಲ್ಲಿಟ್ಟರು. ಮಾರನೇ ದಿನದಿಂದಲೇ ನೆಲ ಲಕಲಕ. ನೋಡಿದವರೆಲ್ಲ ಹೊಗಳಿದರು. ಆಯಿಗೆ ಮಾತ್ರ ಊಟ ಸೇರಲಿಲ್ಲ.

ಎರಡು ವಾರದ ಬಳಿಕ ಶಾಲೆಯಲ್ಲಿ ಸಭೆ. ಇಲಾಖೆಯ ಅಧಿಕಾರಿ, ಶಿಕ್ಷಕರು, ಪೋಷಕರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪಾಠ ಸರಿಯಿಲ್ಲ ಎಂದರು ಇವರು, ಮನೆಯಲ್ಲಿ ಪುಸ್ತಕ ಮುಟ್ಟಿಸುವುದಿಲ್ಲ ಎಂದರು ಅವರು, ಪರೀಕ್ಷೆಯೇ ತಪ್ಪು ಎಂದರು ಮತ್ತೊಬ್ಬರು. ಗಂಟೆಗಟ್ಟಲೆ ಮಾತಾಯಿತು. ಕೊನೆಗೆ ಅಧಿಕಾರಿ ಕಡತ ಬಿಡಿಸಿ, ದೊಡ್ಡ ದನಿಯಲ್ಲಿ ಓದಿದರು: "ಈ ಮಕ್ಕಳ ಕಲಿಕೆಗೆ ಉತ್ತರದಾಯಿ ಯಾರು?"

ಹೊಣೆ ಯಾರದು ಎಂದು ಕೇಳಿದರೆ ಇನ್ನೇನಾಗುತ್ತದೆ? ಎಲ್ಲರ ಬಾಯಿಗೂ ಬೀಗ. ಹೆಡ್‌ಮಾಸ್ಟರು ಹರಳೆಣ್ಣೆ ಕುಡಿದವರ ಮುಖ ಮಾಡಿದರು. ಆಗ ಬಾಗಿಲಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದ ಆಯಿ ಕೈಯೆತ್ತಿದರು.

"ನಾನೇ ಸಾರ್. ಉತ್ತರದ ಆಯಿ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಯಾಕೆ ನಗುತ್ತಿದ್ದಾರೆಂದು ಆಯಿಗೆ ತಿಳಿಯಲಿಲ್ಲ. ಮುಖ ಕೆಂಪಾಯಿತು. ಆದರೆ ಕೈ ಕೆಳಗಿಳಿಸಲಿಲ್ಲ. ಅಧಿಕಾರಿ ನಗು ತಡೆದುಕೊಂಡು, "ಹೇಳಿಯಮ್ಮ, ಮಕ್ಕಳು ಹೇಗೆ ಕಲೀತಿದಾರೆ?" ಎಂದರು.

"ಹದಿನಾಲ್ಕು ದಿನದಿಂದ ನೆಲ ಕ್ಲೀನಾಗಿದೆ ಸಾರ್. ತಪ್ಪಾಗುತ್ತೆ ಅಂತ ಮಕ್ಕಳು ಬರೆಯೋದೇ ಬಿಟ್ಟಿದಾರೆ. ಮೊದಲು ಮೂರನೇ ಬೆಂಚಿನ ಹುಡುಗಿ ಪೇಪರ್ ತೂತು ಬೀಳೋ ಹಾಗೆ ಉಜ್ತಿದ್ಲು, ಆದ್ರೆ ಬರೀತಿದ್ಲು. ಈಗ ಪೆನ್ಸಿಲ್ ಕಚ್ಕೊಂಡು ಕೂತಿರ್ತಾಳೆ. ಅವರ ರಬ್ಬರ್ ಅವರಿಗೆ ಕೊಡಿಸ್ಬಿಡಿ."

ಈಗ ಯಾರೂ ನಗಲಿಲ್ಲ. ಉಜ್ಜಿದರೆ ಅಂಕ ಕಳೆಯುವ ನಿಯಮ ಯಾವ ಕಾಗದದಲ್ಲಿದೆ ಎಂದು ಅಧಿಕಾರಿ ಕೇಳಿದರು. ಯಾವ ಕಾಗದದಲ್ಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರು ತಾವೇ ಡಬ್ಬಿ ಹಿಡಿದು ಕೋಣೆ ಕೋಣೆಗೂ ಹೋದರು. "ನನ್ನ ಸರ್ವೀಸಲ್ಲಿ ಎಷ್ಟೋ ತಪಾಸಣೆ ನೋಡಿದೀನಿ. ಹೀಗೆ ಕಿವಿ ಹಿಂಡಿದ್ದು ಆಯಿ ಒಬ್ಬರೇ," ಎಂದು ಈಗ ಒಪ್ಪಿಕೊಳ್ಳುತ್ತಾರೆ.

ಅಲ್ಲಿಂದ ಪರೀಕ್ಷೆಗೆ ಉಳಿದದ್ದು ಆರು ವಾರ. ಆಯಿ ಬೆಂಚುಗಳ ಸುದ್ದಿ ಹೇಳುವುದು, ನಾಲ್ಕನೇ ತರಗತಿಯ ಮೇಡಂ ಅದನ್ನು ಬರೆದುಕೊಂಡು ಆ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳುವುದು. ಅಷ್ಟು ಸಾಕಾಯಿತೇ? ಅರವತ್ತು ಬರುತ್ತದೆಯೇ? ಮೇಡಂಗೂ ಗೊತ್ತಿಲ್ಲ. ಉತ್ತರದಾಯಿ ಎಂದರೇನೆಂದು ಆಯಿಗೆ ಆಮೇಲೆ ಬಿಡಿಸಿ ಹೇಳಿದವರೂ ಅವರೇ. ಆಯಿ ಕೇಳಿಸಿಕೊಂಡು, "ಹಾಗಾದ್ರೆ ನಾನು ಹೇಳಿದ್ರಲ್ಲಿ ತಪ್ಪೇನಿತ್ತು?" ಎಂದರಂತೆ.

ಬಿಸಿಲು ಈಗ ಕರಿಹಲಗೆಯವರೆಗೆ ಬಂದಿದೆ. ಕೋಣೆ ಗುಡಿಸಿಯಾಯಿತು. ಕಟ್ಟಡ ಮುಚ್ಚಿದರೂ ನಿಮ್ಮ ಕೆಲಸವೇನೂ ಹೋಗುವುದಿಲ್ಲವಲ್ಲ, ಗೋದಾಮಿನಲ್ಲಿ ಆರಾಮವಾಗಿರಬಹುದು ಎಂದರೆ ಆಯಿ ಅಲ್ಲವೆಂಬಂತೆ ತಲೆಯಾಡಿಸುತ್ತಾರೆ. ಬೆಂಚೊಂದರ ಮೇಲೆ ಕೈಯಿಟ್ಟು ಅದನ್ನು ಸಾಲಿಗೆ ಸರಿಸುತ್ತಾರೆ.

"ಕೆಲಸದ ಚಿಂತೆ ಅಲ್ಲ. ನೆಲ ಎಲ್ಲಿದ್ರೂ ನೆಲಾನೇ, ಗುಡಿಸ್ತೀನಿ," ಎನ್ನುತ್ತಾರೆ. "ಆದ್ರೆ ಆ ದೊಡ್ಡ ಶಾಲೆಯಲ್ಲಿ ನಮ್ಮ ಮಕ್ಕಳು ಯಾವ್ಯಾವ ಬೆಂಚಲ್ಲಿ ಕೂತಿದಾರೆ ಅಂತ ನನಗೆ ಯಾರು ಹೇಳ್ತಾರೆ?"