ಮೇರಿ ಅತ್ತೆ ನಮ್ಮನ್ನೆಲ್ಲ ಹೊರಗೆ ಹಾಕಿದ್ದು

ನಿನ್ನೆ ಕುಮಟೆಯ ಒಂದು ದವಾಖಾನೆಯಲ್ಲಿ ಹೆಂಡತಿಯ ಜೊತೆ ಕಾಯುತ್ತ ಕೂತಿದ್ದೆ. ಪಕ್ಕದ ಗೃಹಸ್ಥರೊಬ್ಬರು ಮೊಬೈಲನ್ನು ನನ್ನ ಮೂಗಿನ ತನಕ ತಂದು ತೋರಿಸಿದರು. ಅದರಲ್ಲಿ ಯಾರೋ ಬಿಳಿಯ ಹುಡುಗ ನಮ್ಮ ದೇಶದ ಯಾವುದೋ ಆಸ್ಪತ್ರೆಯಲ್ಲಿ ಓಡಾಡುತ್ತ ಮೂಗು ಮುರಿಯುತ್ತಿದ್ದ. ಇವನಿಗೆ ನಮ್ಮ ಆಸ್ಪತ್ರೆಯ ಉಸಾಬರಿ ಯಾಕೆ ಎಂದು ಗೃಹಸ್ಥರು ಕೆಂಡವಾದರು. ಅಲ್ಲಿಯ ತನಕ ಅದೇ ಬೆಂಚಿನ ಮೇಲೆ ಕೂತು ನಮ್ಮ ಡಾಕ್ಟರರು, ಔಷಧಿ, ಸರಕಾರ ಎಲ್ಲವನ್ನೂ ಜನ್ಮ ಜಾಲಾಡಿದವರು ಅವರೇ.

ನನಗೆ ಮೇರಿ ಅತ್ತೆ ನೆನಪಾದಳು. ನನ್ನ ತಾಯಿಯ ತಮ್ಮ ಸದಾನಂದ ಮಾವ ಹಡಗಿನ ಕೆಲಸಕ್ಕೆ ಹೋದವನು ಇಂಗ್ಲೆಂಡಿನಲ್ಲಿ ಇಳಿದು, ಅಲ್ಲಿಯ ಆಸ್ಪತ್ರೆಯ ನರ್ಸ್ ಒಬ್ಬಳನ್ನು ಮದುವೆಯಾಗಿ, ಎಪ್ಪತ್ತರ ದಶಕದ ಕೊನೆಯಲ್ಲಿ ಅವಳನ್ನು ಹಳದೀಪುರದ ಮನೆಗೆ ಕರೆತಂದ. ಮನೆಯಲ್ಲಿ ಅವನ ಅಣ್ಣ ಗಣಪತಿ ಮಾವ, ಅಣ್ಣನ ಹೆಂಡತಿ ಸರಸತ್ತೆ ಇದ್ದರು. ನಾನಾಗ ಕಾಲೇಜು ಕಲಿಯುತ್ತಿದ್ದೆ. ನಾಲ್ಕು ಇಂಗ್ಲಿಷ್ ಮಾತು ಬರುತ್ತವೆಂಬ ಗತ್ತಿನಲ್ಲಿ ಅಲ್ಲೇ ಠಿಕಾಣಿ ಹೂಡಿದೆ. ಮೇರಿ ಅತ್ತೆ ಎದುರಿಗೆ ಬಂದಾಗ ಮಾತ್ರ ಆ ನಾಲ್ಕೂ ಕೈಕೊಡುತ್ತಿದ್ದವು.

ಆಗ ನಮ್ಮ ಕಡೆ ಒಬ್ಬರಿಗೆ ಸೀಕಾದರೆ ಡಾಕ್ಟರ ಹತ್ತಿರ ಒಂದು ದಿಬ್ಬಣವೇ ಹೋಗುವುದು ಪದ್ಧತಿ. ಸರಸತ್ತೆಗೆ ಬಹಳ ತಿಂಗಳುಗಳಿಂದ ಬೆನ್ನು ನೋವು. ಅವಳನ್ನು ಹೊನ್ನಾವರಕ್ಕೆ ತೋರಿಸಲು ಹೊರಟರೆ ಗಣಪತಿ ಮಾವ, ಪಕ್ಕದ ಮನೆಯ ತಿಮ್ಮಪ್ಪ, ನಾನು, ಡಾಕ್ಟರಿಗೆಂದು ಒಂದು ಬಾಳೆಗೊನೆ, ಇಷ್ಟೂ ಬಸ್ಸು ಹತ್ತುತ್ತಿದ್ದವು. ಡಾಕ್ಟರು ಎಂತ ತ್ರಾಸು ಎಂದು ಕೇಳಿದೊಡನೆ ಗಣಪತಿ ಮಾವ ಪಿತ್ತವೆನ್ನುತ್ತಿದ್ದ. ತಿಮ್ಮಪ್ಪ ವಾಯುವಿನ ಪಕ್ಷ. ನಾನು ಕಾಲೇಜಿನವನಲ್ಲವೇ, ನಿಶ್ಶಕ್ತಿ ಇರಬಹುದೆಂದು ಮಧ್ಯಸ್ಥಿಕೆ ಮಾಡುತ್ತಿದ್ದೆ. ಸರಸತ್ತೆ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದಳು. ಸೀಕಿನವಳೇ ಬಾಯಿ ತೆರೆಯಬೇಕಾಗಿ ಬಂದರೆ ಮನೆಯವರ ಕಾಳಜಿಗೆ ಏನು ಬೆಲೆ? ಡಾಕ್ಟರು ಸೆರಗಿನ ಮೇಲಿಂದಲೇ ಕೊಳವೆ ಮುಟ್ಟಿಸಿ, ಎಲ್ಲರ ಮನಸ್ಸಿಗೂ ಒಪ್ಪುವಂಥ ಒಂದು ಕೆಂಪು ಮಿಕ್ಸ್ಚರು ಬರೆಯುತ್ತಿದ್ದರು. ಮನೆಯಿಂದ ಒಯ್ದ ಸೀಸೆಯಲ್ಲಿ ಅದನ್ನು ತುಂಬಿಸಿಕೊಂಡು, ಊಟದ ಹೊತ್ತಿಗೆ ಮನೆ ಸೇರುತ್ತಿದ್ದೆವು.

ಮೇರಿ ಅತ್ತೆ ಒಮ್ಮೆ ನಮ್ಮ ಜೊತೆ ಬಂದಳು. ವಾರ್ಡಿನ ಬೆಕ್ಕು, ಹಿತ್ತಲಲ್ಲಿ ಗಂಜಿ ಬೇಯಿಸುವ ನೆಂಟರು, ಬಾಯಲ್ಲಿ ಬೀಡಿಯಿಟ್ಟುಕೊಂಡು ಪಟ್ಟಿ ಕಟ್ಟುವವನು, ಕೊನೆಗೆ ನಾವು ಮೂವರು ವೈದ್ಯರು, ಎಲ್ಲವನ್ನೂ ನೋಡಿದಳು. ಹೊರಗೆ ಬಂದು ಉಸಿರು ಬಿಡದೆ ಅಷ್ಟುದ್ದ ಮಾತಾಡಿದಳು. ಸದಾನಂದ ಮಾವ ಅದನ್ನು ಕನ್ನಡಕ್ಕೆ ತಂದ. ಚೊಲೋ ಇದೆ ಅಂತಾಳೆ ಎಂದ. ಅವಳ ಕೆಂಪಾದ ಮೂಗನ್ನು ಅನುವಾದಿಸಲು ಅವನಿಂದಾಗಲಿಲ್ಲ.

ಅವಳು ಆಸ್ಪತ್ರೆಯನ್ನು ಹಳಿದ ಸುದ್ದಿ ಹಳದೀಪುರದ ಚಾದಂಗಡಿಗೆ ಮುಟ್ಟಿತು. ನಮ್ಮನ್ನು ಅಷ್ಟು ಕಾಲ ಆಳಿದ್ದು ಸಾಲದೆ ಈಗ ನಮ್ಮ ಇಂಜೆಕ್ಷನ್ನಿಗೂ ಬಂದರೋ ಎಂದು ಎಲ್ಲರಿಗೂ ರೋಷ. ಅವರ ದೇಶದಲ್ಲಿ ಹೊಟ್ಟೆ ಕೊಯ್ಯಿಸಿಕೊಳ್ಳಲು ವರ್ಷಗಟ್ಟಲೆ ಸರದಿ ಕಾಯಬೇಕಂತೆ, ಸೀಕಿನವರ ಹತ್ತಿರ ಒಂದು ನರಪಿಳ್ಳೆಯೂ ಕೂರುವಂತಿಲ್ಲವಂತೆ, ಥೂ, ಅದೂ ಒಂದು ದೇಶವೇ ಎಂದು ತಿಮ್ಮಪ್ಪ ಕೇಳಿದ. ಅವನು ಬಡಗಣ ದಿಕ್ಕಿಗೆ ಕಂಡದ್ದು ಕುಮಟೆ, ತೆಂಕಣಕ್ಕೆ ಭಟ್ಕಳ. ಇಂಗ್ಲೆಂಡಿನ ವೈದ್ಯಕೀಯವನ್ನು ಟೀಕಿಸಲು ಅಷ್ಟು ಪ್ರವಾಸ ಧಾರಾಳವಾಯಿತು. ನಾನೂ ಮೇಜು ಕುಟ್ಟಿದೆ.

ಇತ್ತ ಮೇರಿ ಅತ್ತೆ ಬೇರೊಂದನ್ನು ನೋಡಿದ್ದಳು. ಸರಸತ್ತೆ ಬಟ್ಟೆ ಒಣಹಾಕುವಾಗ ಎಡಗೈ ಎತ್ತುತ್ತಿರಲಿಲ್ಲ. ಬಲಗೈಯಿಂದಲೇ ಸೀರೆಯನ್ನು ಹಗ್ಗದ ಮೇಲೆ ಎಸೆಯುತ್ತಿದ್ದಳು. ನಾವೆಲ್ಲ ಅದೇ ಅಂಗಳದಲ್ಲಿ ಓಡಾಡುವವರು, ನಮಗೆ ಒಣಗಿದ ಬಟ್ಟೆ ಸಿಕ್ಕರೆ ಆಯಿತು. ಒಂದು ದಿನ ವಾರಗಿತ್ತಿಯರಿಬ್ಬರೂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಬ್ಬಳಿಗೆ ಕನ್ನಡ ಬಾರದು, ಇನ್ನೊಬ್ಬಳಿಗೆ ಇಂಗ್ಲಿಷ್ ಬಾರದು. ಹೊರಗೆ ಬಂದಾಗ ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

ಮರುದಿನ ಮತ್ತೆ ಹೊನ್ನಾವರ. ಡಾಕ್ಟರು ಕೇಳಿದರು, ಗಣಪತಿ ಮಾವ ಪಿತ್ತಕ್ಕೆ ಬಾಯಿ ತೆರೆದ. ಮೇರಿ ಅತ್ತೆ ಬಾಗಿಲು ತೋರಿಸಿ "ಔಟ್" ಎಂದಳು. ಕ್ರಿಕೆಟ್ಟಿನ ದಯೆಯಿಂದ ಆ ಮಾತು ಎಲ್ಲರಿಗೂ ತಿಳಿಯಿತು. ತಿಮ್ಮಪ್ಪ, ನಾನು, ಬಾಳೆಗೊನೆ, ಸರಸತ್ತೆಯನ್ನು ಕಟ್ಟಿಕೊಂಡ ಗಂಡ, ಮೇರಿ ಅತ್ತೆಯ ಸ್ವಂತ ಗಂಡ, ಎಲ್ಲರೂ ಜಗಲಿಗೆ ಬಂದು ಬಿದ್ದೆವು. ಒಳಗೆ ಸಿಸ್ಟರ್ ಒಬ್ಬಳನ್ನು ಉಳಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಎದೆಯಲ್ಲಿ ಗಂಟಿದೆ, ಬೆಳೆದಿದೆ, ಇವತ್ತೇ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹೊರಡಿ ಎಂದರು. ಅವರ ದನಿ ಸಣ್ಣದಾಗಿತ್ತು.

ಆ ಆಸ್ಪತ್ರೆಯಲ್ಲಿ ಸರಸತ್ತೆಯ ಎಡಮೊಲೆಯನ್ನು ತೆಗೆದರು. ಜೀವ ಉಳಿಯಿತು. ಮೇರಿ ಅತ್ತೆ ಹೇಳಿದ್ದೆಲ್ಲ ಸರಿಯೆಂದು ನಾನು ವಾದಿಸುವುದಿಲ್ಲ. ಅವಳು ಹಳಿದಂಥ ನೆಂಟರ ಗಂಜಿಯೇ ಸರಸತ್ತೆಯನ್ನು ಎಬ್ಬಿಸಿ ಕೂರಿಸಿತು, ಅದನ್ನು ಮೇರಿ ಅತ್ತೆಯೂ ಕಣ್ಣಾರೆ ಕಂಡಳು. ಆದರೆ ಊರಿನ ತಕರಾರು ಮುಗಿಯಲಿಲ್ಲ. ಸರಸತ್ತೆ ಮನೆಗೆ ಬಂದ ವಾರವೇ ಜಗಲಿಯಲ್ಲಿ ಗಂಡಸರ ಸಭೆ ಕೂಡಿತು. ಹೊರಗಿನ ಹೆಂಗಸೊಬ್ಬಳು ಕಟ್ಟಿಕೊಂಡ ಗಂಡನನ್ನೇ ಆಚೆ ದಬ್ಬುವುದೆಂದರೆ! ಗಣಪತಿ ಮಾವ ಮೇರಿ ಅತ್ತೆ ಬಡಿಸಿದ್ದನ್ನು ಉಣ್ಣುವುದನ್ನೇ ಬಿಟ್ಟಿದ್ದ. ಅವಳಿಗೆ ಯಾವ ಹಕ್ಕು ಎಂದು ಅವನು ಕೇಳುತ್ತಿದ್ದಾಗ ಸರಸತ್ತೆ ಬಾಗಿಲಿಗೆ ಬಂದು ನಿಂತಳು.

"ಅವ್ಳು ಹೊರಗಿನವ್ಳು, ಹೌದು. ಬಂದು ತಿಂಗಳಾಗಿರ್ಲಿಲ್ಲ, ನಂಗೆ ಎಂತ ಆಗ್ತದೆ ಅಂತ ನನ್ನೇ ಕೇಳಿದ್ಲು. ನಿಮ್ಮ ಪೈಕಿ ಯಾರು ಕೇಳಿದ್ರಿ?"

ಗಣಪತಿ ಮಾವ ಬಾಯೊಳಗಿನ ಎಲೆಯಡಿಕೆಯ ಕವಳ ಉಗಿದು ಬಂದು, ತಲೆ ತಗ್ಗಿಸಿ, "ಆತು, ಈಗ ಕೇಳ್ತೆ. ಹೇಳು" ಎಂದ.

"ಈಗ ಎಂತ ಹೇಳೂದು? ಕೊಯ್ದು ತೆಗೆದ್ರಲ" ಎಂದು ಅವಳು ಒಳಗೆ ಹೋದಳು.

ದವಾಖಾನೆಯ ಬೆಂಚಿನಲ್ಲಿ ಗೃಹಸ್ಥರು ಇನ್ನೂ ಮೊಬೈಲಿನ ಆ ಹುಡುಗನನ್ನು ಬೈಯುತ್ತಿದ್ದರು. ಸಿಸ್ಟರ್ ನನ್ನ ಹೆಂಡತಿಯ ಹೆಸರು ಕರೆದಳು. ಮೂವತ್ತು ವರ್ಷ ಜೊತೆಗಿದ್ದೂ ಅವಳಿಗೆ ಏನಾಗುತ್ತಿದೆ ಎಂದು ನನಗೆ ಗೊತ್ತಿಲ್ಲವೆಂದು ಆಗಲೇ ಹೊಳೆದದ್ದು. ಏಳಲು ಹೊರಟವನು ಅಲ್ಲೇ ಕೂತೆ. ಅವಳು ಒಬ್ಬಳೇ ಒಳಗೆ ಹೋಗಿ, ಬಾಗಿಲನ್ನು ಭದ್ರವಾಗಿ ಮುಚ್ಚಿಕೊಂಡಳು.